ಪಾಷಾಣದಲ್ಲಿ ಬಿಸಿ

ಲಿಫ್ಟಿನ ಪಕ್ಕ ನೋಟೀಸು:
ಇಂದಿನಿಂದ ಪಾರ್ಕಿಂಗಿನಲ್ಲಿ
ಸ್ಕೂಟರ್ ಬ್ಯಾಟರಿ ಚಾರ್ಜ್ ಮಾಡುವಂತಿಲ್ಲ.
ಕೆಳಗೆ ಕಾನಿಟಕರ್ ಸಹಿ, ಸೊಸೈಟಿಯ ನೀಲಿ ಮೊಹರು,
ಅರ್ಧ ಕಾಗದದ ಮೇಲೆ, ಅರ್ಧ ಗೋಡೆಯ ಮೇಲೆ.

ಹೋದ ವಾರ ಸೂಸ್ ರಸ್ತೆಯಲ್ಲೊಂದು ಹೊತ್ತಿಕೊಂಡು
ಮೂರನೇ ಮಹಡಿಯ ಒಣಗಿದ ಬಟ್ಟೆಗೆಲ್ಲ ಮಸಿ.
“ನೀವು ಬ್ಯಾಟರಿಯವರಲ್ಲವೇ?” ಎಂದರು ಕಾನಿಟಕರ್,
ಕೈಯಲ್ಲಿ ಹಾಲಿನ ಪೊಟ್ಟಣ ಬೆವರುತ್ತಿತ್ತು.
“ಗ್ಯಾರಂಟಿ ಬರೆದುಕೊಡಿ, ಈಗಲೇ ಹರಿದು ಹಾಕುತ್ತೇನೆ.”

ಏನಂತ ಬರೆಯಲಿ?
ನಾನು ಬ್ಯಾಟರಿಯವಳಲ್ಲ, ಅದರ ಒಂದು ಪದರದವಳು.
ಮುನ್ನೂರು ನ್ಯಾನೋಮೀಟರು ದಪ್ಪ, ಉಗುರಿನಷ್ಟು ಅಗಲ,
ಕೋಬಾಲ್ಟು, ಆಕ್ಸಿಜನ್ನು, ನಡುನಡುವೆ ಲಿಥಿಯಮ್ಮು.
ಅದರೊಳಗೆ ಬಿಸಿ ಹೇಗೆ ನಡೆಯುತ್ತದೆಂದು
ನಾಲ್ಕು ವರ್ಷದಿಂದ
ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದೇನೆ.

ಪುಣೆಗೆ ಬಂದ ಹೊಸತರಲ್ಲಿ ಅವ್ವ ಫೋನಿನಲ್ಲಿ ನಕ್ಕಿದ್ದಳು:
ಇದೆಂಥ ಊರೇ, ವಿಷದ ಹೆಸರು?
ಇಲ್ಲಿ ಪಾಷಾಣ ಅಂದರೆ ಕಲ್ಲು ಕಣವ್ವ, ಅಂದಿದ್ದೆ.
ಕಲ್ಲಿನೊಳಗೂ ಸುಮ್ಮನಿರುವುದು ಯಾವುದೂ ಇಲ್ಲ.
ಬಿಸಿಯೆಂದರೆ ನಡುಕ,
ಒಂದು ಅಣು ಪಕ್ಕದ್ದರ ಭುಜ ತಟ್ಟಿ
ಮುಂದಕ್ಕೆ ಹೇಳು ಅನ್ನುವುದು.

ಲಿಥಿಯಮ್ ತುಂಬಿದ್ದಾಗ
ಪಂಕ್ತಿಯಲ್ಲಿ ಕೂತ ಊಟದವರ ಹಾಗೆ;
ಅನ್ನದ ಬುಟ್ಟಿ ಕೈಯಿಂದ ಕೈಗೆ ಸರಾಗ.
ವೋಲ್ಟೇಜು ಏರಿಸುತ್ತೇನೆ.
ಒಬ್ಬೊಬ್ಬರೇ ಎದ್ದು ಹೋಗುತ್ತಾರೆ,
ಅಲ್ಲೊಂದು ಇಲ್ಲೊಂದು ಖಾಲಿ ಎಲೆ,
ಬುಟ್ಟಿ ತಡವರಿಸುತ್ತದೆ.
ಐದರ ಮೇಲಿದ್ದ ಸಂಖ್ಯೆ ನಾಲ್ಕರ ಕೆಳಗೆ.
ಇಳಿಸುತ್ತೇನೆ. ವಾಪಸು ಬಂದು ಕೂರುತ್ತಾರೆ.
ಸಂಖ್ಯೆಯೂ ಬರುತ್ತದೆ, ಪೂರ್ತಿ ಅಲ್ಲ.

ಆ ಉಳಿದ ಚೂರು ಎಲ್ಲಿ ಎಂದು ಬಾಪಟ್ ಮೇಡಂ ಕೇಳುತ್ತಾರೆ.
ಲೇಸರು ಅಲುಗಿತೋ, ಅಲ್ಯುಮಿನಿಯಮ್ ಲೇಪ ಬಿರಿಯಿತೋ,
ಯಾರೋ ಒಬ್ಬ ಕೈ ತೊಳೆಯಲು ಹೋದವ
ಬೇರೆಯವನ ಎಲೆಯ ಮುಂದೆ ಕೂತನೋ.
ರಾತ್ರಿ ಎರಡಕ್ಕೆ ಮತ್ತೆ ಅಳೆಯುತ್ತೇನೆ.
ಬಿಸಿಗೆ ನಾನು ಹಾಕಿಕೊಟ್ಟ ನಲ್ಲಿ ಇಷ್ಟೇ:
ಸ್ವಲ್ಪ ತಿರುಗುತ್ತದೆ, ಸ್ವಲ್ಪ ಸೋರುತ್ತದೆ.

ಅದೇ ಪಾರ್ಕಿಂಗಿನಲ್ಲಿ, ಅದೇ ನೋಟೀಸಿನ ಎದುರು
ಶೇವಂತಾಬಾಯಿಯ ಇಸ್ತ್ರಿ ಮೇಜು.
ಇಪ್ಪತ್ತೆರಡು ವರ್ಷದಿಂದ ಹಿತ್ತಾಳೆ ಪೆಟ್ಟಿಗೆಯ ತುಂಬ ಕೆಂಡ,
ಅದಕ್ಕೆ ಯಾರೂ ಮೊಹರು ಒತ್ತಿಲ್ಲ.
ಬೂದಿ ಮುಚ್ಚಿದ ಕೆಂಡ ನಮ್ಮಲ್ಲಿ ಸಿಟ್ಟಿನ ಮಾತು,
ಅವಳಿಗೆ ಅದು ಊಟದ ಹೊತ್ತು.
ಒಂದು ಹಿಡಿ ಉದುರಿಸಿ, ಭಾಕರಿ ಬಿಚ್ಚಿ,
ತಿಂದು ಬಾಯಿ ಒರೆಸಿಕೊಳ್ಳುವಾಗ
ಕೆಂಡ ಅಲ್ಲೇ ಇರುತ್ತದೆ, ಬಿಟ್ಟಷ್ಟೇ ಕೆಂಪಗೆ.
ಅವಳನ್ನು ನಾನು ಏನೂ ಕೇಳಿಲ್ಲ.
ಕುರ್ತಾ ಒಂದಕ್ಕೆ ಎಂಟು ರೂಪಾಯಿ.

ಹನ್ನೊಂದಕ್ಕೆ ದಸ್ತಗೀರ ಬಂದ,
ಅಕ್ಕಲಕೋಟೆಯ ಕಡೆಯವ, ಬೆನ್ನಿಗೆ ಊಟದ ಚೌಕ ಚೀಲ,
ದಿನಕ್ಕೆ ನೂರಿಪ್ಪತ್ತು ಕಿಲೋಮೀಟರು, ಈ ಮೇ ತಿಂಗಳಲ್ಲಿ.
“ಮೇಡಂ, ನಾಳಿಂದ ಎಲ್ಲಿ ಹಚ್ಚಲ್ರೀ?”

ಹಚ್ಚುವುದು. ಚಾರ್ಜಿಗೂ ಅದೇ, ಬೆಂಕಿಗೂ ಅದೇ.
ನಮ್ಮ ಮಾತಿಗೆ ಮೊದಲೇ ಗೊತ್ತಿತ್ತೇನೋ.

ಬ್ಯಾಟರಿ ಇಳಿಸಿದ. ಅಂಗೈ ಇಟ್ಟೆ,
ಎರಡು ಎಣಿಸುವಷ್ಟರಲ್ಲಿ ತೆಗೆದೆ.

ಮನೆಗೆ ಹೋಗಿ ಕಾಗದ ತೆಗೆದು ಬರೆದೆ:
ಗ್ಯಾರಂಟಿ ಇಲ್ಲ.
ಓಡಿ ಬಂದ ಕೂಡಲೇ ಹಚ್ಚಬಾರದು.
ಅರ್ಧ ಗಂಟೆ ಕಲ್ಲಿನ ಮೇಲೆ, ಗಾಳಿಗೆ.
ಗೋಡೆಯಿಂದ ದೂರ, ಬಟ್ಟೆಯಿಂದ ದೂರ.
ಉಬ್ಬಿದ್ದರೆ ಮುಟ್ಟಬಾರದು, ನನಗೆ ಫೋನ್ ಮಾಡಿ.

ಕಾನಿಟಕರ್ ನಿಂತಲ್ಲೇ ಓದಿ
ನನ್ನ ಮರಾಠಿಯ ಎರಡು ತಪ್ಪು ತಿದ್ದಿ
ಜೇಬಿಗಿಟ್ಟುಕೊಂಡರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ನೋಟೀಸು ಇನ್ನೂ ಇದೆ, ಒಂದು ಮೂಲೆ ಎದ್ದಿದೆ.
ಇಸ್ತ್ರಿ ಮೇಜಿನ ಆಚೆ, ನೆರಳಿನ ಕಲ್ಲಿನ ಮೇಲೆ
ದಸ್ತಗೀರನ ಬ್ಯಾಟರಿ ಕೂತಿದೆ, ವೈರಿಲ್ಲದೆ,
ತನ್ನ ಬಿಸಿಯನ್ನು ಪಾಷಾಣಕ್ಕೆ
ನಿಧಾನಕ್ಕೆ ದಾಟಿಸುತ್ತ.